ನಮ್ಮ ಮನೆಯ ರಕ್ತದ ವಿಚಾರ

ಅವಳು ಓದುತ್ತಿದ್ದದ್ದು ಜೀವಶಾಸ್ತ್ರ. ಆದರೂ ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಕಾಲೇಜಿನಲ್ಲೂ ಅವಳಿಗೆ ಅಂಟಿಕೊಂಡ ಹೆಸರು ಲಾಯರಮ್ಮ. ಮಾತಿಗಿಂತ ಮುಂಚೆ ವಾದ ಕಲಿತ ಮಗು ಎಂದು ಅಜ್ಜಿ ಹೇಳಿಕೊಂಡು ನಗುತ್ತಿದ್ದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗೊರಕೆ ಹೊಡೆಯುತ್ತಿದ್ದವನನ್ನು ಎಬ್ಬಿಸಿ, ಕಿಟಕಿ ಇರುವುದು ನೋಡುವವರಿಗೆ, ನಿದ್ದೆ ಮಾಡುವವರಿಗಲ್ಲ ಎಂದು ವಾದಿಸಿ ಸೀಟು ಬಿಡಿಸಿಕೊಂಡಾಗ ಅವಳಿನ್ನೂ ಪ್ರೈಮರಿ ಶಾಲೆಯಲ್ಲಿದ್ದಳು.

ಹೀಗಾಗಿ ತಳಿಶಾಸ್ತ್ರದ ಮೇಡಂ, ಇಬ್ಬಿಬ್ಬರು ಸೇರಿ ವಂಶವಾಹಿಯಾಗಿ ಬರುವ ಒಂದೊಂದು ಕಾಯಿಲೆಯ ಬಗ್ಗೆ ತರಗತಿಯ ಮುಂದೆ ಮಾತಾಡಬೇಕು ಎಂದಾಗ ಉಳಿದವರು ಮುಖ ಸಿಂಡರಿಸಿದರು, ಲಾಯರಮ್ಮ ಮಾತ್ರ ನೆಟ್ಟಗೆ ಕೂತಳು. ಅವಳಿಗೆ ಜೊತೆಯಾಗಿ ಸಿಕ್ಕವನು ಲಂಬು. ತರಗತಿಗೆಲ್ಲ ಎತ್ತರದವನು, ಚಿತ್ರ ಬರೆಯುವುದರಲ್ಲಿ ಪಳಗಿದ ಕೈ, ಆದರೆ ನಾಲ್ಕು ಜನರ ಮುಂದೆ ನಿಂತರೆ ಬಾಯಿಗೆ ಬೀಗ ಬೀಳುತ್ತಿತ್ತು. ನೀನು ಮಾತಾಡು, ನಾನು ಬರೀತೀನಿ ಎಂದು ಅವನು ಮೊದಲೇ ಕೈಮುಗಿದುಬಿಟ್ಟಿದ್ದ.

ಕಾಯಿಲೆಯ ಹೆಸರು ಬರೆದ ಚೀಟಿ ಎತ್ತಿದ್ದೂ ಅವಳೇ. ಬಿಡಿಸಿ ಓದಿದರೆ ನಾಲಿಗೆ ತೊಡರುವಂಥ ಹೆಸರು: ವಾನ್ ವಿಲ್ಲೆಬ್ರಾಂಡ್ ಕಾಯಿಲೆ.

"ಇದು ಕಾಯಿಲೆನೋ, ಕಾರ್ ಕಂಪನಿನೋ?" ಎಂದ ಲಂಬು, ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಾ.

"ಗೊತ್ತಿಲ್ಲ. ಗೊತ್ತಾಗೋವರೆಗೂ ಬಿಡಲ್ಲ," ಎಂದಳು ಲಾಯರಮ್ಮ.

ಅವಳದ್ದು ಉಡದ ಹಿಡಿತ. ಗ್ರಂಥಾಲಯದ ಮೂಲೆಯ ಮೇಜನ್ನು ಅಕ್ಷರಶಃ ಸ್ವಂತ ಮಾಡಿಕೊಂಡಳು. ಗಾಯವಾದಾಗ ರಕ್ತದೊಳಗಿನ ಪ್ಲೇಟ್‌ಲೆಟ್ ಕಣಗಳು ಓಡಿಬಂದು ಹರಿದ ಜಾಗವನ್ನು ಮುಚ್ಚಬೇಕು. ಅವು ಅಲ್ಲಿ ಕಚ್ಚಿಕೊಂಡು ನಿಲ್ಲಲು ಅಂಟಿನಂಥ ಒಂದು ಪ್ರೋಟೀನ್ ಬೇಕು. ಕೆಲವರಲ್ಲಿ ಹುಟ್ಟಿನಿಂದಲೇ ಆ ಅಂಟು ಕಡಿಮೆ, ಇಲ್ಲವೆ ಇದ್ದರೂ ಸರಿಯಾಗಿ ಹಿಡಿಯುವುದಿಲ್ಲ. ಅಂಥವರಿಗೆ ರಕ್ತ ನಿಲ್ಲುವುದು ತಡ. ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು. ಗಂಡೋ ಹೆಣ್ಣೋ ಎಂದು ಅದು ನೋಡುವುದಿಲ್ಲ, ಹೆತ್ತವರಲ್ಲಿ ಒಬ್ಬರಿಗಿದ್ದರೆ ಸಾಮಾನ್ಯವಾಗಿ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇಷ್ಟು ಅವಳಿಗೆ ಬೇಗ ಅರ್ಥವಾಯಿತು. ಅರ್ಥವಾಗದೆ ಕಾಡಿದ್ದು ಬೇರೆ: ಇದು ಅಂಥ ಅಪರೂಪವೇನಲ್ಲ, ಆದರೂ ಎಷ್ಟೋ ಜನ ತಮಗಿದೆ ಎಂದು ತಿಳಿಯದೆಯೇ ಬದುಕು ಮುಗಿಸುತ್ತಾರೆ ಎಂದು ಪುಸ್ತಕ ಹೇಳುತ್ತಿತ್ತು. ರಕ್ತ ಸುರಿದರೂ ಗೊತ್ತಾಗದೆ ಇರುವುದು ಹೇಗೆ?

ಒಂದು ಸಂಜೆ ಮನೆಯಲ್ಲಿ ಮಾತು ಅಭ್ಯಾಸ ಮಾಡುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಮ್ಮನ ಹೊಲಿಗೆ ಅಂಗಡಿ. ಅಳತೆ ನೋಡಲು ಆಳೆತ್ತರದ ಕನ್ನಡಿ, ಬಟ್ಟೆ ಬದಲಿಸಲು ಪರದೆ ಬಿಟ್ಟ ಮೂಲೆ, ನೆಲದ ತುಂಬ ದಾರದ ತುಣುಕು. ಲಾಯರಮ್ಮ ಕನ್ನಡಿಯ ಮುಂದೆ ನಿಂತು ತನಗೆ ತಾನೇ ಭಾಷಣ ಬಿಗಿಯುತ್ತಿದ್ದಳು. ಅಮ್ಮ ಯಂತ್ರದ ಮೇಲೆ ಬಗ್ಗಿ ಯಾರದೋ ಕೋಟಿಗೆ ಅಸ್ತರು ಹೊಲಿಯುತ್ತಿದ್ದಳು.

"ಮೂಗಿನಿಂದ ಪದೇಪದೇ ರಕ್ತ. ಎಲ್ಲಿ ತಾಗಿತು ಅಂತ ನೆನಪೂ ಇಲ್ಲದ ಹಾಗೆ ಮೈಮೇಲೆ ನೀಲಿ ಕಲೆ. ಹಲ್ಲು ಕೀಳಿಸಿದರೆ ದಿನಗಟ್ಟಲೆ ರಕ್ತ. ಹೆಂಗಸರಿಗೆ ತಿಂಗಳ ಮುಟ್ಟಿನಲ್ಲಿ ವಿಪರೀತ ಸ್ರಾವ, ಹೆರಿಗೆಯಾದ ಮೇಲೆ..."

"ಇದನ್ನೇನು ಕಾಯಿಲೆ ಅಂತಾರಾ?" ಅಮ್ಮ ಹಲ್ಲಿನಲ್ಲಿ ದಾರ ಕಚ್ಚಿ ತುಂಡರಿಸುತ್ತಾ ಕೇಳಿದಳು. "ನಮ್ಮನೆ ಹೆಂಗಸರಿಗೆಲ್ಲ ಹಾಗೇ ಅಲ್ವಾ. ನಮ್ಮದು ತೆಳು ರಕ್ತ."

ಲಾಯರಮ್ಮ ಭಾಷಣ ನಿಲ್ಲಿಸಿ ಕನ್ನಡಿಯೊಳಗಿನ ಅಮ್ಮನನ್ನು ನೋಡಿದಳು.

"ಹಾಗೇ ಅಂದ್ರೆ ಹೇಗಮ್ಮಾ?"

"ಹೇಗೂ ಇಲ್ಲ. ಹೋಗು, ಒಲೆ ಮೇಲೆ ಹಾಲಿದೆ ನೋಡು."

ಹಾಲು ಉಕ್ಕಲಿ ಎಂದುಕೊಂಡು ಅವಳು ನೇರ ಹಿಂದಿನ ಕೋಣೆಗೆ, ಅಜ್ಜಿಯ ಹತ್ತಿರ ಹೋದಳು. ಅಜ್ಜಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಮ್ಮ ಬಿಗಿದ ಬಾಯಿ, ಅಜ್ಜಿ ತೆರೆದ ಬಾಗಿಲು. ಇಷ್ಟು ವರ್ಷ ಯಾರೂ ಕೇಳಲಿಲ್ಲವಲ್ಲ ಎಂಬಂತೆ ಅವಳು ಒಂದೇ ಸಮನೆ ಹೇಳತೊಡಗಿದಳು.

"ನಿಮ್ಮಮ್ಮ ಹುಟ್ಟಿದಾಗ ನಾನು ಸತ್ತೇ ಹೋದೆ ಅಂತಲೇ ಎಲ್ಲರೂ ಅಂದ್ಕೊಂಡಿದ್ರು. ಹಾಸಿಗೆ, ಚಾಪೆ, ನೆಲ, ಎಲ್ಲಾ ರಕ್ತ. ಆಮೇಲೆ ಎಷ್ಟೋ ತಿಂಗಳು ಗೋಡೆ ಹಿಡ್ಕೊಂಡು ನಡೀತಿದ್ದೆ. ನಿನ್ನ ಚಿಕ್ಕಮ್ಮ ಹುಟ್ಟಿದಾಗ್ಲೂ ಅದೇ ಕಥೆ."

"ನಿಮ್ಮಮ್ಮನಿಗೂ ಹೀಗೇನಾ, ಅಜ್ಜಿ?"

ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟಳು. "ಅವಳು ಹೆರಿಗೆಯಲ್ಲೇ ಹೋದಳು. ಹೆತ್ತಳು, ಮಗು ಮುಖ ನೋಡಿದಳು, ಅಷ್ಟೇ. ರಕ್ತ ನಿಲ್ಲಲೇ ಇಲ್ಲವಂತೆ. ಆ ಮಗುನೇ ನಾನು."

ಲಾಯರಮ್ಮ ಅಜ್ಜಿಯ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅಜ್ಜಿಗೆ ತಾಯಿಯಿಲ್ಲ ಎಂಬುದು ಅವಳಿಗೆ ಗೊತ್ತಿದ್ದ ಸಂಗತಿಯೇ. ಆದರೆ ಹೇಗೆ ಇಲ್ಲವಾದಳು ಎಂದು ಈ ಮನೆಯಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ. ಪುಸ್ತಕ ಓದುವಾಗ ಕಾಡಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದಂತಾಯಿತು. ಮನೆಯಲ್ಲಿ ಎಲ್ಲರಿಗೂ ಒಂದೇ ಥರ ಆಗುತ್ತಿದ್ದರೆ, ಅದನ್ನು ಕಾಯಿಲೆ ಅಂತ ಯಾರು ತಾನೇ ಅನ್ನುತ್ತಾರೆ!

ಮಾರನೆಯ ದಿನ ಸೋದರಮಾವನ ಸೈಕಲ್ ರಿಪೇರಿ ಅಂಗಡಿಗೆ ಹೋದಳು. ಮಾವ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲೇಳುತ್ತದೆ ಎಂದು ನೋಡುತ್ತಿದ್ದ. ಹಿಂದೊಮ್ಮೆ ಹಲ್ಲು ಕೀಳಿಸಿಕೊಂಡು ಬಂದವನಿಗೆ ದಿಂಬೆಲ್ಲ ಕೆಂಪಾಗಿ, ಮತ್ತೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದರು. ಅಂದಿನಿಂದ ಆ ದಂತವೈದ್ಯರ ಬೋರ್ಡು ಕಂಡರೆ ಸಾಕು, ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದ.

"ತಪ್ಪು ಆ ಡಾಕ್ಟರದ್ದಲ್ಲದೇ ಇರಬಹುದು ಮಾವ. ನಿಮ್ಮ ರಕ್ತದ್ದೇ ಇರಬಹುದು."

"ಏಯ್, ಹೆಂಗಸರ ವಿಷಯಕ್ಕೆ ನನ್ನನ್ನ ಎಳೀಬೇಡ. ನನ್ನ ರಕ್ತ ಗಟ್ಟಿಯಾಗೇ ಇದೆ. ಅವನ ಕೈಗುಣ ಸರಿಯಿರಲಿಲ್ಲ, ಅಷ್ಟೇ."

ಮಾವನ ಜೊತೆ ವಾದಕ್ಕೆ ಅವಳು ನಿಲ್ಲಲಿಲ್ಲ. ಅವನಿಗಿಂತ ಅವಸರದ ಕೆಲಸವೊಂದು ಕಾದಿತ್ತು. ಅಮ್ಮನ ತಂಗಿ, ಅವಳ ಚಿಕ್ಕಮ್ಮ, ಮುಂದಿನ ವಾರವೇ ಗರ್ಭಕೋಶ ತೆಗೆಸಿಕೊಳ್ಳಲು ಆಸ್ಪತ್ರೆಗೆ ಸೇರುವವಳಿದ್ದಳು. ತಿಂಗಳ ಸ್ರಾವ ತಡೆಯಲಾಗುತ್ತಿಲ್ಲ, ಯಾವ ಮಾತ್ರೆಗೂ ಬಗ್ಗುತ್ತಿಲ್ಲ ಎಂಬುದೇ ಕಾರಣ.

ಚಿಕ್ಕಮ್ಮ ರೈಲು ನಿಲ್ದಾಣದಲ್ಲಿ ಗಾಡಿಗಳ ಸಮಯ ಕೂಗುವವಳು. ಊರಿನವರೆಲ್ಲ ಅವಳ ದನಿ ಕೇಳಿದ್ದರು, ಮುಖ ಕಂಡವರು ಕಡಿಮೆ. ಗಾಜಿನ ಕಿಟಕಿಯ ಪುಟ್ಟ ಕೋಣೆ, ಮೇಜಿನ ಮೇಲೊಂದು ಮೈಕು, ಅದರ ಬುಡದಲ್ಲಿ ಒತ್ತುವ ಗುಂಡಿ. ಕುರ್ಚಿಯ ಮೇಲೆ ಮಡಿಸಿ ಹಾಸಿದ ದಪ್ಪ ಟವೆಲು. ಆ ಟವೆಲು ಯಾಕೆ ಎಂದು ಲಾಯರಮ್ಮನಿಗೆ ಅವತ್ತು ಹೊಳೆಯಿತು.

"ಚಿಕ್ಕಿ, ಆಪರೇಷನ್ನಿಗೆ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸ್ಬೇಕು."

"ಎಲ್ಲಾ ಆಗಿದೆ ಕಣೆ. ರಿಪೋರ್ಟೆಲ್ಲಾ ನಾರ್ಮಲ್. ಇರು..." ಚಿಕ್ಕಮ್ಮ ಗುಂಡಿ ಒತ್ತಿದಳು. ಜೇನಿನಂಥ ದನಿಯಲ್ಲಿ, ಪ್ರಯಾಣಿಕರು ಗಮನಿಸಬೇಕು, ಗಾಡಿ ಸ್ವಲ್ಪ ತಡವಾಗಿ ಬರಲಿದೆ ಎಂದಳು. ಗುಂಡಿ ಬಿಟ್ಟೊಡನೆ ದನಿ ಬಿದ್ದುಹೋಯಿತು. "ನಂಗೆ ಸಾಕಾಗಿದೆ. ಅರ್ಧ ತಿಂಗಳು ಹೆಣದ ಹಾಗಿರ್ತೀನಿ. ತೆಗೆದು ಬಿಸಾಕಿದ್ರೆ ನೆಮ್ಮದಿ."

"ತೆಗೆಸ್ಬೇಡ ಅಂತ ನಾನು ಹೇಳ್ತಿಲ್ಲ. ಆಪರೇಷನ್ನಿಗೆ ಮುಂಚೆ ಮಾಮೂಲಾಗಿ ಮಾಡೋ ಪರೀಕ್ಷೆಲಿ ಇದು ಸಿಗದೇ ಹೋಗಬಹುದು. ಇದಕ್ಕೇ ಅಂತ ಬೇರೆ ಪರೀಕ್ಷೆ ಇದೆ. ಒಂದು ವೇಳೆ ಇದ್ದು, ಗೊತ್ತಿಲ್ದೇ ಕೊಯ್ದರೆ? ಅಜ್ಜಿಯ ಅಮ್ಮ ಹೇಗೆ ಹೋದ್ರು ಗೊತ್ತಾ ನಿಂಗೆ?"

ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಲಾಯರಮ್ಮ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ತಡವಾಗಿದ್ದ ಗಾಡಿ ಬಂದು ನಿಂತಿತ್ತು. ಅದನ್ನು ಕೂಗಬೇಕಾದವಳು ಮೈಕನ್ನೇ ಮರೆತು ಕೂತಿದ್ದಳು. ಹೊರಗಿನಿಂದ ಯಾರೋ ಗಾಜು ಬಡಿದ ಮೇಲೆ ಎಚ್ಚರವಾಯಿತು.

"ಸರಿ," ಎಂದಳು ಆಮೇಲೆ. "ಆದ್ರೆ ಡಾಕ್ಟರ ಮುಂದೆ ನೀನೇ ಮಾತಾಡ್ಬೇಕು. ಅವ್ರು ಕನ್ನಡಕದ ಮೇಲಿಂದ ನೋಡಿದ್ರೆ ನಂಗೆ ನನ್ನ ಹೆಸರೇ ಮರೆತುಹೋಗುತ್ತೆ."

ಮನೆಗೆ ಬಂದು ಹೇಳಿದಾಗ ಅಮ್ಮ ಕಿಡಿಕಿಡಿಯಾದಳು. ಯಂತ್ರ ನಿಲ್ಲಿಸಿ ಎದ್ದೇ ನಿಂತಳು.

"ಯಾರು ಹೇಳಿದ್ರು ನಿಂಗೆ ಇದನ್ನೆಲ್ಲ ಕೆದಕು ಅಂತ? ಹುಟ್ಟಿನಿಂದ ಬಂದಿದ್ದು, ವಂಶದಲ್ಲಿ ಬಂದಿದ್ದು ಅಂತ ಹೆಸರಿಟ್ಟು ಏನು ಸಾಧಿಸ್ತೀಯ?"

"ಹೆಸರಿಟ್ರೆ ಔಷಧ ಸಿಗುತ್ತಮ್ಮಾ."

"ಇಷ್ಟು ದಿನ ಔಷಧ ಇಲ್ದೆ ನಾವು ಬದುಕಲಿಲ್ವಾ?"

"ಎಲ್ಲರೂ ಬದುಕಲಿಲ್ಲ."

ಅಮ್ಮ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಮನೆಯ ಹೆಂಗಸರ ವಿಷಯ ಬೀದಿಗೆ ಬರುತ್ತದೆ ಎಂಬ ಸಂಕೋಚ ಅಮ್ಮನಿಗೆ ಎಂದೇ ಲಾಯರಮ್ಮ ತಿಳಿದಳು. ವಾದ ಗೆದ್ದೆ ಎಂದೂ ಅಂದುಕೊಂಡಳು. ಎರಡರಲ್ಲೂ ಎಡವಿದ್ದಳು, ಆದರೆ ಅದು ಗೊತ್ತಾದದ್ದು ಆಮೇಲೆ.

ಆಸ್ಪತ್ರೆಯಲ್ಲಿ ಆಪರೇಷನ್ ಮಾಡಬೇಕಿದ್ದ ಡಾಕ್ಟರಮ್ಮ ನಿಜಕ್ಕೂ ಕನ್ನಡಕದ ಮೇಲಿಂದ ನೋಡುವವರೇ. ಬಾಗಿಲ ಹೊರಗೆ ಜನ ಕಿಕ್ಕಿರಿದಿದ್ದರು. ಲಾಯರಮ್ಮ ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಪೀಠಿಕೆಯನ್ನೆಲ್ಲ ನುಂಗಿಕೊಂಡು ವಿಷಯಕ್ಕೇ ಬಂದಳು. ಚಿಕ್ಕಮ್ಮನಿಗೆ ಚಿಕ್ಕಂದಿನಿಂದ ಮೂಗಿನ ರಕ್ತ. ಅಜ್ಜಿಗೆ ಹೆರಿಗೆಗಳಲ್ಲಿ ಹೀಗೆ. ಅಜ್ಜಿಯ ತಾಯಿಗೆ ಹಾಗೆ. ಮಾವನಿಗೆ ಹಲ್ಲು ಕಿತ್ತಾಗ ಇಷ್ಟು.

ಡಾಕ್ಟರಮ್ಮ ಬರೆಯುವುದು ನಿಲ್ಲಿಸಿದರು. "ಯಾರು ನೀನು?"

"ಇವರ ಅಕ್ಕನ ಮಗಳು. ಜೀವಶಾಸ್ತ್ರ ಓದ್ತಿದ್ದೀನಿ. ಇದು ಅದೇ ಕಾಯಿಲೆ ಅಂತ ನಾನು ಹೇಳ್ತಿಲ್ಲ ಮೇಡಂ, ಹೇಳೋ ಅರ್ಹತೆನೂ ನಂಗಿಲ್ಲ. ಪರೀಕ್ಷೆ ಮಾಡಿಸಿ ಅಂತ ಕೇಳ್ತಿದ್ದೀನಿ."

ಡಾಕ್ಟರಮ್ಮ ಅವಳನ್ನು ಬಿಟ್ಟು ಚಿಕ್ಕಮ್ಮನ ಕಡೆ ತಿರುಗಿದರು. "ಮನೆಯಲ್ಲಿ ಬೇರೆ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇದೆಯಾ ಅಂತ ನಾನು ಕೇಳಿದಾಗ ಇಲ್ಲ ಅಂದ್ರಲ್ಲ?"

"ತೊಂದರೆ ಅಂತ ಗೊತ್ತಿರಲಿಲ್ಲ ಡಾಕ್ಟ್ರೇ," ಎಂದಳು ಚಿಕ್ಕಮ್ಮ ತಲೆ ತಗ್ಗಿಸಿ. "ಎಲ್ಲರ ಮನೇಲೂ ಹೀಗೇ ಅಂದ್ಕೊಂಡಿದ್ದೆ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಪರೇಷನ್ ಸದ್ಯಕ್ಕೆ ಬೇಡ, ಮೊದಲು ರಕ್ತದ ತಜ್ಞರನ್ನು ನೋಡಿ ಎಂದು ಬರೆದುಕೊಟ್ಟರು. ಇಬ್ಬರೂ ಎದ್ದಾಗ ಹಿಂದಿನಿಂದ, "ಅಕ್ಕನ ಮಗಳೇ, ಚೆನ್ನಾಗಿ ಕೇಳಿದೆ," ಎಂದರು.

ಫಲಿತಾಂಶ ಬಂದಾಗ ಅನುಮಾನ ನಿಜವಾಗಿತ್ತು. ಚಿಕ್ಕಮ್ಮನ ರಕ್ತದಲ್ಲಿ ಆ ಅಂಟು ಇರಬೇಕಾದದ್ದಕ್ಕಿಂತ ಬಹಳ ಕಡಿಮೆ. ರಕ್ತದ ತಜ್ಞರು ಮುಟ್ಟಿನ ದಿನಗಳಿಗೆಂದು ಬೇರೆಯೇ ಮಾತ್ರೆ ಕೊಟ್ಟರು. ಇದಕ್ಕೆ ಬಗ್ಗಿದರೆ ಗರ್ಭಕೋಶ ತೆಗೆಯುವ ಮಾತೇ ಬೇಡ, ಬಗ್ಗದಿದ್ದರೆ ಮುನ್ನೆಚ್ಚರಿಕೆಯ ಔಷಧ ಕೊಟ್ಟು ಆಮೇಲೆ ಯೋಚಿಸೋಣ ಎಂದರು. ಮುಂದಿನ ತಿಂಗಳು ಚಿಕ್ಕಮ್ಮ ಕೆಲಸದಿಂದ ನೇರ ಅಕ್ಕನ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, "ಇವತ್ತು ಮುಟ್ಟಿನ ಎರಡನೇ ದಿನ. ನಾನು ಪ್ಲಾಟ್‌ಫಾರಂ ಮೆಟ್ಟಿಲು ಓಡಿ ಹತ್ತಿದೆ!" ಎಂದು ಕೂಗಿದಳು. ಅಮ್ಮನೂ ಅವಳೂ ಒಬ್ಬರ ಕೈ ಒಬ್ಬರು ಹಿಡಿದು ನಿಂತರು.

ತರಗತಿಯಲ್ಲಿ ಮಾತಾಡುವ ದಿನ ಹತ್ತಿರವಾಯಿತು. ವಂಶವೃಕ್ಷದ ಚಿತ್ರಕ್ಕೆ ಪುಸ್ತಕದ ಉದಾಹರಣೆ ಯಾಕೆ, ನಮ್ಮ ಮನೆಯದ್ದನ್ನೇ ಹಾಕಬಹುದಾ ಎಂದು ಅವಳು ಒಬ್ಬೊಬ್ಬರನ್ನೇ ಕೇಳಿದಳು. ಅಜ್ಜಿ, "ನಮ್ಮಮ್ಮನಿಗೆ ದೊಡ್ಡದಾಗಿ ಬರಿ," ಎಂದಳು. ಚಿಕ್ಕಮ್ಮ ಹೂಂ ಎಂದಳು. ಮಾವ, "ನನ್ನ ಪಕ್ಕ ದಂತವೈದ್ಯನ ತಪ್ಪು ಅಂತ ಬರೆಯೋದಾದ್ರೆ ಹಾಕು," ಎಂದ. ಅಮ್ಮ ಸೂಜಿಗೆ ದಾರ ಪೋಣಿಸುತ್ತಾ, "ಹೆಸರು ಹಾಕ್ಬೇಡ," ಎಂದಷ್ಟೇ ಹೇಳಿದಳು.

ಲಂಬು ದೊಡ್ಡ ಹಾಳೆಯ ಮೇಲೆ ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ ಬರೆದ. ಪರೀಕ್ಷೆಯಲ್ಲಿ ಕಾಯಿಲೆ ಕಂಡವರಿಗೆ ಪೂರ್ತಿ ಕಪ್ಪು, ಲಕ್ಷಣ ಮಾತ್ರ ಗೊತ್ತಿರುವವರಿಗೆ ಅರ್ಧ ಕಪ್ಪು. ಕೊನೆಯ ಸಾಲಿಗೆ ಬಂದು ಕೈ ತಡೆದ.

"ನಿನ್ನ ವೃತ್ತಕ್ಕೆ ಏನು ಮಾಡ್ಲಿ?"

"ಪ್ರಶ್ನೆ ಚಿಹ್ನೆ ಹಾಕು," ಎಂದಳು ಅವಳು, ಬೇರೆ ಕಡೆ ನೋಡುತ್ತಾ. ಲಂಬು ಹಾಕಿದ.

ಮಾತಾಡಲು ನಿಂತಾಗ ಅವಳಿಗೆ ಎಳ್ಳಷ್ಟೂ ಅಳುಕಿರಲಿಲ್ಲ. ಮುಟ್ಟು ಎಂಬ ಪದ ಬಂದಾಗ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದವರನ್ನು ನೋಡಿ, "ನೀವು ಹುಟ್ಟೋಕೆ ಕಾರಣವಾದ ವಿಷಯಕ್ಕೇ ನಗ್ತಿದ್ದೀರಲ್ಲ," ಎಂದಳು. ಅಂಟಿನ ಕೆಲಸ ಹೇಳಿದಳು, ಅರ್ಧಕ್ಕರ್ಧ ಸಾಧ್ಯತೆಯ ಲೆಕ್ಕ ಬಿಡಿಸಿದಳು, ಒಬ್ಬ ಹೆಂಗಸು ಸುಮ್ಮಸುಮ್ಮನೆ ಗರ್ಭಕೋಶ ಕಳೆದುಕೊಳ್ಳುವುದರಲ್ಲಿದ್ದ ಕಥೆ ಹೇಳಿದಳು. ತರಗತಿ ಕಿವಿಯಾಗಿ ಕೂತಿತ್ತು. ಮುಗಿಸಿದಾಗ ಮೇಡಂ ತಾವೇ ಮೊದಲು ಚಪ್ಪಾಳೆ ತಟ್ಟಿದರು.

ಪ್ರಶ್ನೆಗಳಿಗೂ ಪಟಪಟನೆ ಉತ್ತರ ಕೊಟ್ಟಳು. ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿದಳು. "ಕೆಳಗಿನ ಸಾಲಲ್ಲಿರೋ ಪ್ರಶ್ನೆ ಚಿಹ್ನೆ ಯಾರು?"

"ಅದು ನಾನು."

"ನೀನ್ಯಾಕೆ ಪರೀಕ್ಷೆ ಮಾಡಿಸ್ಕೊಂಡಿಲ್ಲ?"

ಇಡೀ ಮನೆಯನ್ನು ಬಡಿದೆಬ್ಬಿಸಿದವಳು, ಸಮಯವಿರಲಿಲ್ಲ ಎನ್ನಲು ಬಾಯಿ ತೆರೆದಳು. ಅದು ಸುಳ್ಳೆಂದು ತನಗೇ ಗೊತ್ತಿತ್ತು.

"ಹೆದರಿಕೆ," ಎಂದಳು. "ಬೇರೆಯವರಿಗೆ ಹೇಳೋದು ಸುಲಭ. ಅದೇ ಕಾರಣ. ನಾಳೆನೇ ಹೋಗ್ತೀನಿ."

ಮೇಡಂ ನಕ್ಕರು. "ಇವತ್ತಿನ ಎಲ್ಲ ಉತ್ತರಗಳಲ್ಲಿ ನಂಗೆ ಹಿಡಿಸಿದ್ದು ಇದು," ಎಂದರು.

ನಾಳೆ ಎಂದವಳು ಒಬ್ಬಳೇ ಹೋಗುವುದಾಗಲಿಲ್ಲ. ಅಜ್ಜಿ ನಾನೂ ಬರ್ತೀನಿ ಎಂದಳು. ಅಜ್ಜಿ ಹೊರಟಮೇಲೆ ಅಮ್ಮ ಅಂಗಡಿಯ ಬಾಗಿಲೆಳೆದಳು. ಅಜ್ಜಿಯನ್ನು ಬಿಡಲು ಬಂದ ಮಾವನ ತೋಳನ್ನು ಚಿಕ್ಕಮ್ಮ ಹಿಡಿದುಕೊಂಡು ಒಳಗೆ ನಡೆಸಿದಳು. ಪ್ರಯೋಗಾಲಯದ ಬೆಂಚು ಭರ್ತಿಯಾಯಿತು. ರಕ್ತ ತೆಗೆಯುವ ಹುಡುಗಿ ಸೂಜಿ ಹಿಡಿದು ಬಂದವಳು, "ಏನು, ಎಲ್ಲಾ ಒಂದೇ ಮನೆಯವರಾ?" ಎಂದು ಕೇಳಿದಳು.

"ಹೂಂ ಕಣಮ್ಮಾ," ಎಂದಳು ಅಜ್ಜಿ. "ಸ್ವಲ್ಪ ಸ್ವಲ್ಪ ತಗೋ. ನಮ್ಮದು ನಿಲ್ಲೋದು ತಡ. ಹತ್ತಿ ಜಾಸ್ತಿ ಇಟ್ಕೋ."

ಅಜ್ಜಿಗೆ ಇತ್ತು. ಅಮ್ಮನಿಗೂ ಇತ್ತು. ಗಟ್ಟಿ ರಕ್ತದ ಮಾವನಿಗೂ ಇತ್ತು. ಅವನು ವರದಿಯನ್ನು ಮೂರು ಸಲ ಓದಿ, ಎಷ್ಟೋ ವರ್ಷಗಳ ಮೇಲೆ ಆ ದಂತವೈದ್ಯರ ಬಾಗಿಲಿಗೆ ಹೋಗಿ ನಮಸ್ಕಾರ ಹೇಳಿ ಬಂದ. ಅವರಿಗೆ ಇವನು ಯಾರೆಂದೇ ನೆನಪಿರಲಿಲ್ಲವಂತೆ. ಲಾಯರಮ್ಮನ ವರದಿ ಮಾತ್ರ ಸರಿಯಾಗಿತ್ತು. ಆದರೆ ತಜ್ಞರು ಅಷ್ಟಕ್ಕೇ ಬಿಡಲಿಲ್ಲ. ಗಾಬರಿಯಲ್ಲಿದ್ದಾಗ ಆ ಅಂಟು ತಾನಾಗಿಯೇ ಏರುತ್ತದೆ, ಇನ್ನೊಮ್ಮೆ ನೋಡಬೇಕು ಎಂದರು. "ಈ ಸಲ ರಕ್ತ ಕೊಡುವಾಗ ಯಾರ ಜೊತೆಗೂ ವಾದ ಮಾಡ್ಬೇಡ," ಎಂದು ಚಿಕ್ಕಮ್ಮ ತಾಕೀತು ಮಾಡಿದಳು.

ಎರಡನೆಯ ಸಲವೂ ಸರಿಯಾಗಿಯೇ ಬಂತು. ಅವಳಿಗೆ ಇಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಆ ಕಾಗದ ಹಿಡಿದು ನಿಂತಾಗ ಅವಳಿಗೆ ಹಗುರವೂ ಆಯಿತು, ಜೊತೆಗೆ ಎಲ್ಲರೂ ಕೂತ ಬೆಂಚಿನಿಂದ ತನ್ನೊಬ್ಬಳನ್ನು ಎಬ್ಬಿಸಿದಂತೆಯೂ ಅನಿಸಿತು. ಅದನ್ನು ಹೇಳಬೇಕೆಂದು ಪಕ್ಕಕ್ಕೆ ತಿರುಗಿದರೆ ಅಮ್ಮ ಅಳುತ್ತಿದ್ದಳು. ಜನ ಹತ್ತಿ ಇಳಿಯುವ ಮೆಟ್ಟಿಲ ಮೇಲೆ, ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಅಳುತ್ತಿದ್ದಳು. ಅಮ್ಮ ಹೀಗೆ ಅತ್ತದ್ದನ್ನು ಅವಳು ಕಂಡಿರಲೇ ಇಲ್ಲ.

"ಅಮ್ಮಾ, ನಂಗಿಲ್ಲ ಅಂತಲ್ವಾ ಬಂದಿರೋದು?"

"ಅದಕ್ಕೇ ಕಣೆ," ಎಂದಳು ಅಮ್ಮ. "ನೀನು ಅವತ್ತು ಕನ್ನಡಿ ಮುಂದೆ ನಿಂತು ಓದಿದ್ಯಲ್ಲ, ಅವತ್ತಿನಿಂದ ನಂಗೆ ಒಂದೇ ಯೋಚನೆ. ನಾನೇ ಕೊಟ್ಟುಬಿಟ್ಟಿದ್ದೀನೇನೋ ನಿಂಗೆ ಅಂತ. ಗೊತ್ತಾಗದೇ ಇದ್ರೆ ಸಾಕು ಅನಿಸ್ತಿತ್ತು. ಬೈದೆ ನಿನ್ನನ್ನ."

ಸಂಕೋಚವೆಂದು ತಾನು ತಿಳಿದದ್ದು ಈ ಭಯವನ್ನೇ ಎಂದು ಲಾಯರಮ್ಮನಿಗೆ ಆಗ ಅರ್ಥವಾಯಿತು. ಅಮ್ಮನ ಚೀಲ ತಾನು ಹಿಡಿದುಕೊಂಡು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಇದ್ದಿದ್ರೂ ಏನಾಗ್ತಿತ್ತಮ್ಮಾ? ನಿಮ್ಮೆಲ್ಲರ ಜೊತೆ ಸಾಲಾಗಿ ಕೂತು ನಾನೂ ಮಾತ್ರೆ ನುಂಗ್ತಿದ್ದೆ. ಈಗ ನಮಗೆ ಗೊತ್ತಲ್ಲ."

"ಗೊತ್ತು," ಎಂದಳು ಅಮ್ಮ, ಮೂಗೊರೆಸಿಕೊಳ್ಳುತ್ತಾ. ಆಮೇಲೆ, "ನಿನ್ನ ಮಾವನ ಮಗಳಿಗೂ ಪರೀಕ್ಷೆ ಮಾಡಿಸ್ಬೇಕಲ್ವಾ? ಅವನು ಮುಂದೂಡ್ತಾನೆ. ನಡಿ, ಈಗಲೇ ಅವನ ಅಂಗಡಿಗೆ ಹೋಗೋಣ. ನಾನೇ ಮಾತಾಡ್ತೀನಿ," ಎಂದು ಸರಸರನೆ ಮೆಟ್ಟಿಲಿಳಿಯತೊಡಗಿದಳು. ಲಾಯರಮ್ಮ ಅವಳ ಹಿಂದೆ ಓಡಬೇಕಾಯಿತು.